ಗವಿಯ ಗೋಡೆಯ ಮೇಲಿನ ಅಂಗೈ

ಗಾರೆ ಕೆಲಸದವರಲ್ಲಿ ಎರಡು ಬಗೆ. ಕೆಲಸ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟಕ್ಕೆ ಕೈಯಿಟ್ಟು, ಗೋಡೆಯನ್ನು ಹೆತ್ತ ಮಗಳ ಹಾಗೆ ನೋಡುವವರು ಒಂದು ಬಗೆ. ಕೆಲಸ ಮುಗಿಯುವ ಮೊದಲೇ ಚಹಾ ಎಲ್ಲಿ ಅಂತ ಕಣ್ಣಾಡಿಸುವವರು ಇನ್ನೊಂದು ಬಗೆ. ನಮ್ಮ ಮೇಸ್ತ್ರಿ ಎರಡಕ್ಕೂ ಸೇರಿದವನಲ್ಲ. ಗೋಡೆ ನಯ ಮಾಡಿ, ಕರಣೆ ತೊಳೆದು, ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಡುತ್ತಿದ್ದ. ಗೋಡೆ ಒಣಗುವ ತನಕ ಕಾವಲು. ಮನೆಯವರು ಬಂದು ಇನ್ನು ಬಣ್ಣ ಹೊಡೆಯಬಹುದಾ ಅಂದರೆ ‘ಒಣಗ್ಲಿ’. ಕಪಾಟು ಸರಿಸಬಹುದಾ ಅಂದರೆ ‘ಒಣಗ್ಲಿ’. ಒಂದು ಮನೆಯ ಯಜಮಾನಿ ಬೇಸತ್ತು, ಮೇಸ್ತ್ರಿ, ನೀವು ಮನೆಗೆ ಹೋಗೋದು ಯಾವಾಗ ಅಂತ ಕೇಳಿದ್ದಕ್ಕೂ ಅದೇ ಉತ್ತರ ಬಂತು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಸರ್ಕಾರಿ ಕಾಗದಗಳಲ್ಲಿ ಮಾತ್ರ ಉಳಿದು, ಊರಿಗೆಲ್ಲ ಅವನು ಒಣಗ್ಲಿ ಮೇಸ್ತ್ರಿ ಆದ.

ಜನ ಇದನ್ನು ಕಸುಬಿನ ನಿಷ್ಠೆ ಎಂದುಕೊಂಡರು. ಹೊಸ ಕೆಲಸಗಾರರಿಗೆ ಅವನನ್ನು ತೋರಿಸಿ, ನೋಡ್ರೋ, ಕಲಿತುಕೊಳ್ಳಿ ಅನ್ನುತ್ತಿದ್ದರು. ಅದು ನಿಷ್ಠೆಯಲ್ಲ, ಹೆದರಿಕೆ. ಮೂವತ್ತೊಂದು ವರ್ಷದ ಹಿಂದೆ ಒಂದೇ ಒಂದು ಗೋಡೆ ಒಣಗುವವರೆಗೆ ಅವನು ಕಾಯಲಿಲ್ಲ. ಅದರ ಫಲವನ್ನು ಜನ ಇವತ್ತಿಗೂ ಸಾಲು ನಿಂತು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ.

ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಒಂದು ಬೋಳು ಗುಡ್ಡ, ಗುಡ್ಡಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು, ಮೆಟ್ಟಿಲ ತುದಿಗೆ ಗವಿ. ಗವಿಗೆ ಚರಿತ್ರೆ ಬೇಕಾದಷ್ಟಿದೆ. ಅಲ್ಲಿನ ಗೈಡ್ ಒಂದೇ ಉಸಿರಿಗೆ ಹೇಳುವ ಪ್ರಕಾರ ಮೊದಮೊದಲು ಅಲ್ಲಿ ಕುರಿ ಕಾಯುವವರು ಮಳೆ ಬಂದಾಗ ನಿಲ್ಲುತ್ತಿದ್ದರು. ಆಮೇಲೆ ಒಬ್ಬ ತಪಸ್ವಿ ಬಂದು ನಲವತ್ತು ವರ್ಷ ಯಾರ ಹತ್ತಿರವೂ ಒಂದು ಮಾತಾಡದೆ ಕೂತ. ಅವನನ್ನು ಜನ ಗವಿಯಜ್ಜ ಅನ್ನುತ್ತಾರೆ. ಅಜ್ಜ ಹೋದ ಎಷ್ಟೋ ವರ್ಷಕ್ಕೆ ಯಾವುದೋ ಯುದ್ಧ ಬಂದು, ಊರಿನ ಹೆಂಗಸರು ಮಕ್ಕಳು ಹನ್ನೊಂದು ದಿನ ಅದರೊಳಗೆ ಅಡಗಿದ್ದರು. ಅದೂ ಮುಗಿದ ಮೇಲೆ ಯಾರೋ ಅದರಲ್ಲಿ ಸಿಡಿಮದ್ದು ಕೂಡಿಟ್ಟು, ಬಲಗಡೆಯ ಗೋಡೆಯ ಒಂದು ಪಾಲನ್ನು ಹಾರಿಸಿಬಿಟ್ಟರು. ನಲವತ್ತು ವರ್ಷ ತುಟಿ ಬಿಚ್ಚದ ಅಜ್ಜನ ಉಪದೇಶಗಳು ಎಂಟು ಪುಟದ ಪುಸ್ತಕವಾಗಿ ಕೆಳಗಿನ ಅಂಗಡಿಯಲ್ಲಿ ಸಿಗುತ್ತವೆ.

ಮನುಷ್ಯನಿಗೆ ಗವಿಯ ಮೇಲೆ ಅದೇನೋ ಸೆಳೆತ. ಬಯಲಲ್ಲಿ ನಿಂತು ಹೇಳಲಾಗದ್ದನ್ನು ಕತ್ತಲಿಗೆ ಬಗ್ಗಿ ಹೇಳುತ್ತಾನೆ. ಬಾಗಿಲು ತಗ್ಗಾದಷ್ಟೂ ಒಳಗಿರುವವನು ದೊಡ್ಡವನಾಗುತ್ತಾನೆ. ಆದರೂ ಆ ಕಾಲಕ್ಕೆ ಈ ಗವಿಗೆ ಬರುತ್ತಿದ್ದವರು ಕಡಿಮೆ. ವಾರಕ್ಕೆ ಹತ್ತು ಜನ ಬಂದರೆ ಹೆಚ್ಚು, ಅದರಲ್ಲಿ ನಾಲ್ವರು ನೆರಳಿಗೆ ಬಂದವರು. ಹಾರಿಹೋದ ಗೋಡೆಯನ್ನು ಕಲ್ಲಿಟ್ಟು ಕಟ್ಟಿ ಸುಣ್ಣದ ಗಾರೆ ಮಾಡಿಸೋಣ ಅಂತ ಗವಿಯ ಸಮಿತಿಯವರು ನಿರ್ಧರಿಸಿದರು. ಕೆಲಸ ದೊಡ್ಡ ಮೇಸ್ತ್ರಿಗೆ ಸಿಕ್ಕಿತು. ಅವರ ಕೈಕೆಳಗೆ ಕಲಿಯುತ್ತಿದ್ದ ನಮ್ಮ ಮೇಸ್ತ್ರಿಗೆ ಆಗ ಇಪ್ಪತ್ತೇಳು ವರ್ಷ. ಆ ವಯಸ್ಸಿನಲ್ಲಿ ಎಲ್ಲರಿಗೂ ಇರುವ ಹಾಗೆ ಅವನಿಗೂ ತಾನು ಕಲಿಯುವುದು ಮುಗಿದಿದೆ ಎಂಬ ನಂಬಿಕೆಯಿತ್ತು.

ಕೊನೆಯ ದಿನ ದೊಡ್ಡ ಮೇಸ್ತ್ರಿ ಮಧ್ಯಾಹ್ನವೇ ಹೊರಟರು. ನೀನು ಆ ಮೂಲೆ ನಯ ಮಾಡಿ ಮುಗಿಸು, ಮುಗಿಸಿದ ಮೇಲೆ ಕೂತಿರು, ಗವಿಯೊಳಗೆ ಗಾಳಿ ಬಿಸಿಲು ಇಲ್ಲ, ಹೊರಗಿನ ಗೋಡೆಯ ಹಾಗೆ ಬೇಗ ಬಿಗಿಯಲ್ಲ ಅಂತ ಹೇಳಿಯೇ ಹೋದರು. ಇವನು ಮೂಲೆ ಮುಗಿಸಿದ. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಊರಿಗೆ ನಡೆಯಬೇಕು. ಗೋಡೆಯನ್ನು ಉಗುರಿನಿಂದ ಮುಟ್ಟಿ ನೋಡಿದ, ಗಟ್ಟಿಯಾದ ಹಾಗೆ ಕಂಡಿತು. ಬಗ್ಗಿ ಚಪ್ಪಲಿಯ ಪಟ್ಟಿ ಎಳೆದುಕೊಳ್ಳಲು ಗೋಡೆಗೆ ಬಲಗೈ ಊರಿದ. ಮೈಭಾರವೆಲ್ಲ ಅದರ ಮೇಲೆ ಬಿತ್ತು. ಅಂಗೈ ಒಳಕ್ಕೆ ಇಳಿಯಿತು. ತೆಗೆಯುವಾಗ ಜಾರಿ, ಕಿರುಬೆರಳಿನ ಗುರುತು ಉಂಗುರದ ಬೆರಳಿನಷ್ಟೇ ಉದ್ದವಾಯಿತು. ಕೆಳಗಡೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾಳೆ ಬೆಳಿಗ್ಗೆ ಬಂದು ಉಜ್ಜಿದರಾಯಿತು ಅಂದುಕೊಂಡು ಓಡಿದ.

ಆ ನಾಳೆ ಬರುವಷ್ಟರಲ್ಲಿ ಹತ್ತು ದಿನವಾಯಿತು. ದೊಡ್ಡ ಮೇಸ್ತ್ರಿ ಅವನನ್ನು ಬೇರೆ ಊರಿನ ಶಾಲೆಯ ಗೋಡೆಗೆ ಕಳಿಸಿದ್ದರು. ತಿರುಗಿ ಬಂದು ನೋಡಿದರೆ ಗೋಡೆಯ ಕೈಯ ಮುಂದೆ ದೀಪ, ಹೂವು, ಕಣ್ಣೀರು ಒರೆಸಿಕೊಳ್ಳುತ್ತಿದ್ದ ಮೂವರು ಹೆಂಗಸರು. ಗವಿಯಜ್ಜ ತೀರಿಕೊಂಡು ಇನ್ನೂರು ವರ್ಷ, ಗಾರೆಗೆ ಹತ್ತು ದಿನ. ಈ ಲೆಕ್ಕ ಯಾರಿಗೂ ಅಡ್ಡ ಬರಲಿಲ್ಲ. ಗೋಡೆ ರಿಪೇರಿ ಆಗಿದ್ದು ಅಜ್ಜನಿಗೆ ಒಪ್ಪಿಗೆಯಾಗಿದೆ, ಅದಕ್ಕೇ ಕೈಯೊತ್ತಿದ್ದಾನೆ ಎಂದು ಗೈಡ್ ಆಗಲೇ ಹೇಳತೊಡಗಿದ್ದ. ಕಿರುಬೆರಳಿಗೂ ಅವನ ಹತ್ತಿರ ಅರ್ಥವಿತ್ತು: ಚಿಕ್ಕವರು ದೊಡ್ಡವರು ಎಂಬ ಭೇದ ಬೇಡ ಎಂಬ ಉಪದೇಶ ಅದು.

ದೊಡ್ಡ ಮೇಸ್ತ್ರಿ ಗೋಡೆಯನ್ನೊಮ್ಮೆ ನೋಡಿದರು, ಶಿಷ್ಯನ ಬಲಗೈಯನ್ನೊಮ್ಮೆ ನೋಡಿದರು. ಮೆಟ್ಟಿಲಿಳಿಯುವಾಗ, ಬಾಯಿ ಬಿಟ್ಟರೆ ಇಬ್ಬರಿಗೂ ಇನ್ನು ಕೆಲಸ ಸಿಕ್ಕಲ್ಲ, ಮುಚ್ಚಿಕೊಂಡಿರು ಎಂದರು. ಅದೇ ವರ್ಷ ಅವರು ತೀರಿಕೊಂಡರು. ಗುಟ್ಟಿನಲ್ಲಿ ಅರ್ಧ ಪಾಲು ಹೊತ್ತಿದ್ದವರು ಹೋಗಿ, ಪೂರ್ತಿ ಇವನ ತಲೆಗೆ ಬಂತು.

ಮುಂದೆ ಗವಿ ಬೆಳೆಯಿತು. ಬಸ್ಸು ದಿನಕ್ಕೆ ಎರಡಿದ್ದದ್ದು ಹದಿನಾರಾಯಿತು. ಮೆಟ್ಟಿಲಿಗೆ ಕಬ್ಬಿಣದ ಕಂಬಿ ಬಂತು, ಕೆಳಗೆ ಅಂಗಡಿ ಸಾಲು ಬಂತು, ಪ್ಲಾಸ್ಟಿಕ್ಕಿನ ಅಂಗೈಗಳು ಬಂದವು, ಅವುಗಳ ಕಿರುಬೆರಳೂ ಉದ್ದ. ಕೈಗೆ ಕೈ ಕೊಟ್ಟರೆ ಕೇಳಿದ್ದು ಆಗುತ್ತದೆ ಎಂಬ ಮಾತು ಹಬ್ಬಿತು. ಮೇಸ್ತ್ರಿಗೆ ಇದರಿಂದ ಎರಡು ಬಗೆಯ ಸಂಕಟ. ಒಂದು, ಇಷ್ಟು ಜನರಿಗೆ ತಾನು ಮೋಸ ಮಾಡಿದೆನಲ್ಲ ಎಂಬುದು. ಇನ್ನೊಂದನ್ನು ಅವನು ತನಗೂ ಸರಿಯಾಗಿ ಹೇಳಿಕೊಂಡವನಲ್ಲ: ಸಾಲಿನಲ್ಲಿ ಯಾರಾದರೂ ‘ಎಂಥಾ ಶಾಂತವಾದ ಕೈ ನೋಡು’ ಅಂದಾಗ ಅವನ ಎದೆ ಒಂದು ಬೆರಳಷ್ಟು ಉಬ್ಬುತ್ತಿತ್ತು. ಅದಕ್ಕಾಗಿ ಮತ್ತೆ ನಾಚಿಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇವನು ಮೂವತ್ತು ವರ್ಷ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಬೀದಿಯಲ್ಲಿ ನಡೆದ. ತಾನು ಬಾಯಿ ಬಿಟ್ಟ ದಿನ ಹದಿನಾರು ಬಸ್ಸೂ ನಿಲ್ಲುತ್ತವೆ, ಅಂಗಡಿಯವರು ಬೀದಿಗೆ ಬೀಳುತ್ತಾರೆ, ಜಗತ್ತಿನಲ್ಲಿ ನಂಬಿಕೆಯೇ ಇಲ್ಲವಾಗುತ್ತದೆ ಅಂತ ಅವನು ನಿಜವಾಗಿ ನಂಬಿದ್ದ. ತಪ್ಪು ಮಾಡಿದವನಿಗೂ ಜಂಬ ಇರುತ್ತದೆ; ತನ್ನ ತಪ್ಪು ಸಣ್ಣದು ಅಂತ ಯಾರಾದರೂ ಅಂದರೆ ಅವನಿಗೆ ಹಿಡಿಸುವುದಿಲ್ಲ.

ಪ್ರಾಯಶ್ಚಿತ್ತವೆಂದು ಅವನು ಗವಿಯ ಗಾರೆ ಕೆಲಸವನ್ನೆಲ್ಲ ಪುಕ್ಕಟೆ ಮಾಡುತ್ತಿದ್ದ. ಸಮಿತಿಯವರು ಇದನ್ನು ಭಕ್ತಿ ಎಂದು ತಿಳಿದು, ‘ನಿಸ್ವಾರ್ಥ ಸೇವಕ’ ಎಂದು ಬರೆದ ಪತ್ರಕ್ಕೆ ಕಟ್ಟು ಹಾಕಿಸಿ ಕೊಟ್ಟರು. ಅದನ್ನು ಅವನು ಮಂಚದ ಕೆಳಗೆ ತಳ್ಳಿದ್ದ. ಅಕ್ಕ ಹುಡುಕಿ ತೆಗೆದು ತನ್ನ ಮನೆಯ ನಡುಮನೆಯಲ್ಲಿ ತೂಗುಹಾಕಿದಳು. ದಿನಾ ಅದರ ಧೂಳು ಒರೆಸುತ್ತಿದ್ದಳು. ದಿನಾ ಅದರ ಕೆಳಗೆ ಕೂತು ಅವನು ಊಟ ಮಾಡಬೇಕಾಗಿತ್ತು.

ಅಕ್ಕ ಅಂದರೆ ಅವನಿಗಿಂತ ಎಂಟು ವರ್ಷ ದೊಡ್ಡವಳು. ತಾಯಿ ಇಲ್ಲದ ಮನೆಯಲ್ಲಿ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ ತುಳಿದು ಮಗಳನ್ನು ಓದಿಸಿ, ಮದುವೆ ಮಾಡಿ ಕಳಿಸಿದಳು. ತಮ್ಮ ಮದುವೆಯಾಗಲಿಲ್ಲ, ಎರಡು ಬೀದಿ ಆಚೆ ಒಂದು ಕೋಣೆಯಲ್ಲಿ ಇರುತ್ತಿದ್ದ, ಎರಡು ಹೊತ್ತಿನ ಊಟಕ್ಕೆ ಅಕ್ಕನ ಮನೆ. ಅವಳ ಬಾಯಿ ಸ್ವಲ್ಪ ಚುರುಕು. ತಮ್ಮ ಎರಡನೇ ಸಲ ಬಡಿಸಿಕೊಳ್ಳದಿದ್ದರೆ, ಏನೋ, ಯಾವ ಗೋಡೆ ನಿನ್ನ ಹೊಟ್ಟೆಯಲ್ಲಿ ಒಣಗ್ತಾ ಇದೆ ಅನ್ನುತ್ತಿದ್ದಳು. ಇಂಥ ಅಕ್ಕ ಪ್ರತಿ ತಿಂಗಳ ಒಂದನೇ ತಾರೀಖು, ಮೂವತ್ತು ವರ್ಷ, ಒಂದು ತಿಂಗಳೂ ತಪ್ಪದೆ, ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿ ಗೋಡೆಯ ಕೈಯೊಳಗೆ ತನ್ನ ಕೈಯಿಟ್ಟು ಬರುತ್ತಿದ್ದಳು. ಹರಕೆಯಂತೆ. ಏನು ಹರಕೆ ಅಂತ ಹೇಳುತ್ತಿರಲಿಲ್ಲ. ಭಾವನಿಗೆ ಸಂಬಂಧಪಟ್ಟದ್ದಿರಬೇಕು ಅಂದುಕೊಂಡು ತಮ್ಮನೂ ಕೇಳಿರಲಿಲ್ಲ. ಕೇಳಲು ಅವನಿಗೆ ಮುಖವೂ ಇರಲಿಲ್ಲ. ಎರಡು ಬೀದಿ ಆಚೆ ಇರುವ ಕೈಗೆ ಅವಳು ಬಸ್ಸು ಹತ್ತಿ ಗುಡ್ಡ ಏರಿ ಹೋಗುತ್ತಿದ್ದಳು.

ಈಗ ಅಕ್ಕನ ಮಂಡಿ ಸವೆದಿತ್ತು. ಆ ವರ್ಷ ಡಾಕ್ಟರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು, ಎರಡು ಮೂಳೆಯ ನಡುವೆ ಇರಬೇಕಾದ ಸಂದು ಎಲ್ಲಿದೆ ತೋರಿಸಿ ನೋಡೋಣ ಎಂದು ಅಕ್ಕ ತಮ್ಮ ಇಬ್ಬರನ್ನೇ ಕೇಳಿದರು. ಇಬ್ಬರಿಗೂ ಕಾಣಲಿಲ್ಲ. ಇಲ್ಲ, ಅದಕ್ಕೇ ಕಾಣ್ತಿಲ್ಲ, ಅಂದರು ಡಾಕ್ಟರು. ಇನ್ನೊಂದಾರು ತಿಂಗಳು ಹೀಗೇ ಗುಡ್ಡ ಹತ್ತಿದರೆ ಬಚ್ಚಲಿಗೆ ಹೋಗುವುದಕ್ಕೂ ಇಬ್ಬರು ಹಿಡಿದುಕೊಳ್ಳಬೇಕಾಗುತ್ತದೆ ಎಂದರು. ಅಕ್ಕ ತಲೆಯಾಡಿಸಿದಳು. ಹೊರಗೆ ಬಂದು, ಡಾಕ್ಟರಿಗೆ ಮಂಡಿ ಗೊತ್ತು, ಹರಕೆ ಗೊತ್ತಿಲ್ಲ ಅಂದಳು. ತಮ್ಮ ಆ ದಿನ ಊಟಕ್ಕೆ ಕೂತು ಅನ್ನ ಕಲಸಿದ, ತುತ್ತು ಎತ್ತಲಿಲ್ಲ. ಮುನ್ನೂರ ಅರವತ್ತು ಸಲ, ಸಲಕ್ಕೆ ಇನ್ನೂರ ಹನ್ನೆರಡು ಅಂತ ಗುಣಿಸಿ ನೋಡಿದ್ದ. ಎಪ್ಪತ್ತಾರು ಸಾವಿರ ಮೆಟ್ಟಿಲು ದಾಟಿತ್ತು. ಇಳಿದದ್ದು ಬೇರೆ. ಜಗತ್ತಿನ ನಂಬಿಕೆ ಹೇಗಾದರೂ ಇರಲಿ, ಈ ಎರಡು ಮಂಡಿಗಳನ್ನು ಸವೆಸಿದ್ದು ತಾನು, ಇದರಲ್ಲಿ ಅನುಮಾನವಿರಲಿಲ್ಲ. ಅಕ್ಕ ಮತ್ತೆ ಹತ್ತುವುದರೊಳಗೆ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡ.

ಅದೇ ವಾರ ಸಮಿತಿಯ ಅಧ್ಯಕ್ಷರು ಹೇಳಿಕಳಿಸಿದರು. ಕೈಯ ಸುತ್ತ ಗಾರೆ ಬಿರುಕು ಬಿಟ್ಟಿತ್ತು, ಮೇಸ್ತ್ರಿಯೇ ಬಂದು ಸರಿಮಾಡಬೇಕು. ಅಧ್ಯಕ್ಷರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಒಂದು ಲೋಟ ನೀರು ಕೇಳಿದರೂ ಉದ್ಘಾಟನೆ ಮಾಡಿದ ಹಾಗಿರುತ್ತಿತ್ತು. ಗವಿಯ ಪಕ್ಕದ ಕಚೇರಿ ಕೋಣೆಗೆ ಹತ್ತುವಾಗ ನಾಲ್ಕು ಕಡೆ ನಿಂತು ಏದುಸಿರು ಬಿಡುತ್ತಿದ್ದರು, ಅದನ್ನು ಮೆಟ್ಟಿಲುಗಳ ಪರಿಶೀಲನೆ ಎನ್ನುತ್ತಿದ್ದರು. ಮೊದಲು ಇವರಿಗೆ ಹೇಳಿ, ಇವರ ಬಾಯಿಂದ ಊರಿಗೆ ಗೊತ್ತಾಗಿ, ಅಕ್ಕ ತಾನಾಗಿ ನಿಲ್ಲುತ್ತಾಳೆ ಎಂದು ಮೇಸ್ತ್ರಿ ಯೋಚಿಸಿದ್ದ. ಅಕ್ಕನ ಮುಖ ನೋಡಿ ಹೇಳುವ ಕಷ್ಟ ತಪ್ಪುತ್ತದೆ ಎಂಬ ಆಸೆಯೂ ಅದರಲ್ಲಿತ್ತು.

‘ಸಾರ್, ಆ ಕೈ ಅಜ್ಜನದಲ್ಲ’ ಎಂದ.

‘ಮತ್ತೆ ಯಾರದು?’

‘ನಂದು.’

ನೆಲ ಬಿರಿಯಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅರ್ಜಿ ತೆಗೆದುಕೊಳ್ಳುವ ಗುಮಾಸ್ತನ ಮುಖ ಮಾಡಿಕೊಂಡು ಡ್ರಾಯರ್ ಎಳೆದು ಒಂದು ಫೈಲು ತೆಗೆದರು.

‘ನೀವು ನಾಲ್ಕನೆಯವರು’ ಎಂದರು.

ಮೊದಲನೆಯವನು ಒಬ್ಬ ಬಸ್ ಡ್ರೈವರು, ಅದು ತನ್ನ ಮುತ್ತಜ್ಜನ ಕೈ, ವಂಶಕ್ಕೆ ಬಿಟ್ಟುಕೊಡಿ ಎಂದಿದ್ದನಂತೆ. ಎರಡನೆಯವಳು ಒಬ್ಬ ಹೆಂಗಸು, ಓಡಿಹೋದ ಗಂಡನ ಕೈ ಅದು, ಅಳತೆ ತೆಗೆದು ಪೊಲೀಸರಿಗೆ ಕೊಡಿ ಎಂದಿದ್ದಳಂತೆ. ಮೂರನೆಯವನು ಬಣ್ಣ ಹೊಡೆಯುವವನು, ಅವನಿಗೆ ಕುಡಿತವಿತ್ತು. ಬೇಜಾರು ಮಾಡಿಕೊಳ್ಳಬೇಡಿ ಎಂದು ಅಧ್ಯಕ್ಷರು ಸಮಾಧಾನ ಹೇಳಿದರು. ಒಂದು ಜಾಗದ ಸೇವೆಯನ್ನು ಬಹಳ ವರ್ಷ ಮಾಡಿದರೆ ಹೀಗೆಲ್ಲ ಅನ್ನಿಸುವುದುಂಟು, ಗವಿಯನ್ನು ತಾವೇ ಕೊರೆಸಿದ್ದು ಎಂದು ಅವರಿಗೇ ಒಮ್ಮೊಮ್ಮೆ ಅನ್ನಿಸುತ್ತದಂತೆ.

ಮೇಸ್ತ್ರಿ ಬಿಡಲಿಲ್ಲ. ಹಾಗಾದರೆ ಕೈಯಿಟ್ಟು ತೋರಿಸಿ ಎಂದು ಅಧ್ಯಕ್ಷರು ಎದ್ದರು. ಇಬ್ಬರೂ ಗವಿಯೊಳಕ್ಕೆ ಬಗ್ಗಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಮೇಸ್ತ್ರಿ ಬಲಗೈಯನ್ನು ಜೇಬಿನಿಂದ ತೆಗೆದು ಆ ಗುರುತಿನೊಳಗಿಟ್ಟ. ಕೂರಲಿಲ್ಲ. ಸಾವಿರಾರು ಜನರ ಅಂಗೈ ತಿಕ್ಕಿ ತಿಕ್ಕಿ ಗುರುತು ಅಗಲವಾಗಿ, ಬಟ್ಟಲಿನ ಹಾಗೆ ನುಣ್ಣಗಾಗಿತ್ತು. ಇವನ ಬೆರಳುಗಳು ಸುಣ್ಣ ತಿಂದು ಗಂಟುಗಂಟಾಗಿದ್ದವು. ಕಿರುಬೆರಳಂತೂ ಅರ್ಧ ದಾರಿಗೇ ನಿಂತಿತು. ಜಾರಿದ್ದು ಎಂದು ಮೇಸ್ತ್ರಿ ಹೇಳಲು ಹೊರಟರೆ ಅಧ್ಯಕ್ಷರು ಜೇಬಿನಿಂದ ಸ್ಕೇಲು ತೆಗೆದಾಗಿತ್ತು.

‘ಒಂದೂಕಾಲು ಇಂಚು ವ್ಯತ್ಯಾಸ, ಮೇಸ್ತ್ರಿ. ನನ್ನ ಸರ್ವಿಸಿನಲ್ಲಿ ಇದರಲ್ಲಿ ಕಾಲು ಭಾಗ ವ್ಯತ್ಯಾಸಕ್ಕೆ ಅಂಗಡಿ ಮುಚ್ಚಿಸಿದ್ದೀನಿ. ನಾಳೆಯಿಂದ ಕೆಲಸ ಶುರು ಮಾಡಿ.’

ಮೆಟ್ಟಿಲಿಳಿಯುವಾಗ ಅವನಿಗೆ ಹಗುರವಾಗಬೇಕಿತ್ತು. ಹದಿನಾರು ಬಸ್ಸೂ ಓಡುತ್ತಲೇ ಇದ್ದವು. ಮೂವತ್ತು ವರ್ಷ ತಾನು ತಡೆಹಿಡಿದಿದ್ದ ಭೂಕಂಪಕ್ಕೆ ಒಂದು ಫೈಲಿನಲ್ಲಿ ನಾಲ್ಕನೇ ನಂಬರು ಸಿಕ್ಕಿತು. ಅವಮಾನವಾದ ಹಾಗಿತ್ತು. ಅವಮಾನವಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು. ಈ ಎರಡರ ನಡುವೆ ಅಕ್ಕನ ಮಂಡಿ ಹಾಗೇ ಉಳಿದಿತ್ತು.

ಅವತ್ತು ಸಂಜೆ ಅಕ್ಕ ಬಿಸಿನೀರಿನ ಚೀಲವನ್ನು ಮಂಡಿಗೆ ಒತ್ತಿಕೊಂಡು ಕೂತಿದ್ದಳು. ಮೇಸ್ತ್ರಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಜೋಡಿಸಿದ್ದೇ ತಪ್ಪಾಯಿತು. ನಿಂತುಕೊಂಡೇ, ತಾನು ಪಾಪಿ, ಲೋಕದ ನಂಬಿಕೆಗೆ ದ್ರೋಹ ಬಗೆದವನು, ಅಜ್ಜನ ಹೆಸರಿಗೆ ಕಳಂಕ ತಂದವನು ಎಂದೆಲ್ಲ ಶುರುಮಾಡಿ, ಆ ಕೈ ತನ್ನದು ಎಂದು ಮುಗಿಸಿದ. ಅಧ್ಯಕ್ಷರ ಗಾಳಿ ಸ್ವಲ್ಪ ತಾಗಿದ್ದಿರಬೇಕು.

ಅಕ್ಕ ಬಾಯಿ ಬಿಟ್ಟು ನೋಡಿದಳು. ಆಮೇಲೆ ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

‘ಮಂಡಿ ನೋವಿಗೆ ಇದೊಂದು ಹೊಸ ಔಷಧಿ ಕಣೋ. ಡಾಕ್ಟರು ಹೇಳಿಕೊಟ್ರಾ, ನೀನೇ ಅರೆದೆಯಾ?’

ನಿಜ ಅಕ್ಕಾ ಎಂದ. ನಿಜ ಇರಲಿ, ಕೂತ್ಕೋ ಎಂದಳು. ಸುಳ್ಳು ಹೇಳೋಕೂ ಬರದವನು ನನಗೋಸ್ಕರ ಸುಳ್ಳು ಕಟ್ಟಿಕೊಂಡು ಬಂದಿದ್ದಾನೆ ಅಂತ ಅವಳ ಮುಖವೆಲ್ಲ ಮೆತ್ತಗಾಯಿತು. ಆ ಮೆತ್ತಗಾದ ಮುಖದಲ್ಲೇ ಇಷ್ಟು ವರ್ಷ ಹೇಳದ್ದನ್ನು ಹೇಳಿದಳು.

‘ಹರಕೆ ಯಾಕೆ ಅಂತ ಹೇಳಬಾರದಂತೆ. ಹೋಗಲಿ, ಇನ್ನೇನಾಗಬೇಕು. ನೀನು ಸಾರುವೆಯಿಂದ ಬಿದ್ದೆಯಲ್ಲ, ಒಂಬತ್ತು ದಿನ ಕಣ್ಣು ಬಿಡಲಿಲ್ಲ. ಹತ್ತನೇ ದಿನ ಬೆಳಿಗ್ಗೆ ನಾನು ಹೋಗಿ ಆ ಕೈಯೊಳಗೆ ಕೈಯಿಟ್ಟೆ. ಇವನನ್ನ ಬಿಟ್ಟುಕೊಡು, ಕಾಲಿರೋವರೆಗೂ ತಿಂಗಳಿಗೊಂದು ಸಲ ಬರ್ತೀನಿ ಅಂದೆ. ಮಧ್ಯಾಹ್ನ ನೀನು ನೀರು ಕೇಳಿದೆ.’

ಗವಿಯ ಕೆಲಸ ಮುಗಿದ ಮುಂದಿನ ವರ್ಷ ಮೇಸ್ತ್ರಿ ಮೂರನೇ ಅಂತಸ್ತಿನ ಸಾರುವೆಯ ಹಲಗೆಯಿಂದ ಬಿದ್ದಿದ್ದ. ಅದನ್ನು ಅವನು ತನ್ನ ತಪ್ಪಿಗೆ ಸಿಕ್ಕ ಶಿಕ್ಷೆ ಎಂದು ಇಟ್ಟುಕೊಂಡಿದ್ದ. ಅಕ್ಕ ಅದನ್ನೇ ವರ ಎಂದು ಇಟ್ಟುಕೊಂಡಿದ್ದಳು. ಭಾವನಿಗೂ ಅಲ್ಲ, ಮಗಳಿಗೂ ಅಲ್ಲ, ಎಪ್ಪತ್ತಾರು ಸಾವಿರ ಮೆಟ್ಟಿಲೂ ಅವನಿಗೇ. ಅಕ್ಕ ಎದ್ದು ಬಡಿಸಿದಳು. ಇನ್ನು ಮೂರು ದಿನಕ್ಕೆ ಒಂದನೇ ತಾರೀಖು, ನೀನು ಅಲ್ಲೇ ಕೆಲಸದಲ್ಲಿರ್ತೀಯಲ್ಲ, ಬರ್ತೀನಿ ಎಂದಳು. ಅವನು ತಡೆದಷ್ಟೂ ಅವಳ ಹರಕೆ ಗಟ್ಟಿಯಾಗುತ್ತಿತ್ತು. ನನ್ನ ಮಂಡಿಗಾಗಿ ಮರುಗುವ ಇಂಥ ತಮ್ಮ ಉಳಿದದ್ದು ಯಾರಿಂದ ಎಂಬುದು ಅವಳ ವಾದ. ನಿಜ ಹೇಳಿ ಅವನು ಅವಳನ್ನು ಇನ್ನೂ ನಾಲ್ಕು ಮೆಟ್ಟಿಲು ಮೇಲೆ ಹತ್ತಿಸಿದ್ದ.

ಒಂದನೇ ತಾರೀಖು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮೇಸ್ತ್ರಿ ಗವಿಯೊಳಗಿದ್ದ. ಬಿರುಕುಗಳಿಗೆ ಗಾರೆ ತುಂಬಿಯಾಗಿತ್ತು. ಬಕೆಟ್ಟಿನ ತಳದಲ್ಲಿ ಇನ್ನೂ ಎರಡು ಹಿಡಿ ಉಳಿದಿತ್ತು, ಹದವಾಗಿ, ಬೆಣ್ಣೆಯ ಹಾಗೆ. ಒಂದು ಕರಣೆ ಸಾಕು. ಬಟ್ಟಲಿನಂಥ ಆ ಗುಳಿಗೆ ಬಡಿದು ನಯ ಮಾಡಿದರೆ ಕೈ ಇಲ್ಲ, ಹರಕೆ ಇಲ್ಲ, ಮೆಟ್ಟಿಲಿಲ್ಲ. ಮೂವತ್ತೊಂದು ವರ್ಷದ ಹಿಂದಿನ ‘ನಾಳೆ ಬೆಳಿಗ್ಗೆ’ ಕೊನೆಗೂ ಬಂದ ಹಾಗೆ. ಕರಣೆಯಲ್ಲಿ ಗಾರೆ ಎತ್ತಿಕೊಂಡ. ಕೈ ಮೇಲೇಳಲಿಲ್ಲ. ಭಕ್ತಿಯಿಂದ ಎಂದು ಹೇಳಬಹುದಿತ್ತು, ಆದರೆ ಸ್ಕೇಲು ಹಿಡಿದ ಅಧ್ಯಕ್ಷರ ಮುಖ ಕಣ್ಣ ಮುಂದೆ ಬಂದದ್ದು ನಿಜ. ಅದಕ್ಕಿಂತಲೂ ಹೆಚ್ಚಾಗಿ, ಆ ನುಣುಪು ತಾನು ಮಾಡಿದ್ದಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗಾರೆ ಕೆಲಸದವನು ಇನ್ನೊಬ್ಬರ ನಯವನ್ನು ಕೆಡಿಸುವುದಿಲ್ಲ. ಅದರಲ್ಲಿ ಅಕ್ಕನ ಅಂಗೈ ಮುನ್ನೂರ ಅರವತ್ತು ಸಲ ಉಜ್ಜಿದ ನಯವೂ ಇತ್ತು.

ಗಾರೆಯನ್ನು ಬಕೆಟ್ಟಿಗೆ ಹಾಕುವಷ್ಟರಲ್ಲಿ ಗೈಡ್ ಮೇಲೆ ಬಂದ. ಮೇಸ್ತ್ರಿ, ನಿಮ್ಮ ಅಕ್ಕ ತೊಂಬತ್ತನೇ ಮೆಟ್ಟಿಲ ಮೇಲೆ ಕೂತಿದ್ದಾರೆ, ಹತ್ತೋಕೂ ಆಗ್ತಿಲ್ಲ, ಇಳಿಯೋಕೂ ಆಗ್ತಿಲ್ಲ, ಕರೆದರೆ ಬೈತಾರೆ ಎಂದ.

ಅಕ್ಕ ಕಂಬಿಯ ಪಕ್ಕ ಕಾಲು ಚಾಚಿ ಕೂತಿದ್ದಳು. ತುಟಿ ಬೆಳ್ಳಗಾಗಿತ್ತು. ತಮ್ಮನನ್ನು ನೋಡಿ, ಐದು ನಿಮಿಷ ಕಣೋ, ಆಮೇಲೆ ಹತ್ತುತೀನಿ ಎಂದಳು. ಮೇಸ್ತ್ರಿ ಒಂದು ಮೆಟ್ಟಿಲು ಕೆಳಗೆ ಕೂತ. ಓಡಿ ಬಂದವನಿಗೆ ಉಸಿರೇ ಸಾಲದಾಗಿತ್ತು, ಪಾಪಿ, ದ್ರೋಹ, ಕಳಂಕ ಎನ್ನಲು ಎಲ್ಲಿಂದ ಬರಬೇಕು. ಆ ದಿನ ಆದದ್ದನ್ನು ಆದ ಹಾಗೆ ಹೇಳಿದ. ದೊಡ್ಡ ಮೇಸ್ತ್ರಿ ಕೂತಿರು ಅಂದದ್ದು, ಉಗುರಿನಿಂದ ಮುಟ್ಟಿ ನೋಡಿದ್ದು, ಚಪ್ಪಲಿಯ ಪಟ್ಟಿ, ಕೈ ಒಳಕ್ಕೆ ಹೋದದ್ದು.

‘ನಾಲ್ಕು ಗಂಟೆ ಬಸ್ಸು ಹೊರಡ್ತಾ ಇತ್ತು ಅಕ್ಕಾ. ಕೈ ಕೂಡ ತೊಳೀದೆ ಓಡಿದೆ.’

ಅಕ್ಕ ಮಂಡಿ ನೀವುತ್ತಿದ್ದವಳು ನಿಲ್ಲಿಸಿದಳು. ಬಹಳ ಹೊತ್ತು ಮೆಟ್ಟಿಲ ಮೇಲಿನ ಒಂದು ಇರುವೆಯನ್ನು ನೋಡಿದಳು.

‘ಅವತ್ತು ನೀನು ಅಂಗೈ ಸುಟ್ಟುಕೊಂಡು ಬಂದಿದ್ದೆ’ ಎಂದಳು.

ಅವನಿಗೆ ಅದು ನೆನಪಿರಲಿಲ್ಲ.

‘ಬರೀ ಅಂಗೈ. ಮುಂಗೈ ಮೇಲೆ ಒಂದು ಚುಕ್ಕೆ ಇರಲಿಲ್ಲ. ಸುಣ್ಣ ಒಣಗಿ ತೊಗಲೇ ಎದ್ದಿತ್ತು. ಎಣ್ಣೆ ಹಚ್ಚಿದೆ. ಎರಡು ಹೊತ್ತು ನಾನೇ ಕಲಸಿ ಬಾಯಿಗಿಟ್ಟೆ, ಇಪ್ಪತ್ತೇಳು ವರ್ಷದ ಕತ್ತೆಗೆ. ಅಂಗೈ ಒಂದೇ ಹೇಗೋ ಸುಡುತ್ತೆ ಅಂದ್ರೆ, ಬಸ್ಸಿಗೆ ಹೊತ್ತಾಯ್ತು ಅಂದೆ ನೀನು. ಆ ವಾರವೇ ಗವಿಯಲ್ಲಿ ಕೈ ಮೂಡಿದೆ ಅಂತ ಸುದ್ದಿ ಬಂತು.’

ಬೈಯುತ್ತಾಳೆ ಎಂದು ಅವನು ಕಾದ. ಬೈದರೆ ಒಳ್ಳೆಯದಿತ್ತು. ಅಕ್ಕ ತನ್ನ ಬಲಗೈಯನ್ನು ಮಡಿಲಿನಲ್ಲಿ ಮಗುಚಿ ಹಾಕಿ, ಅಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಅರವತ್ತಾರು ವರ್ಷದ ಅವಳ ಮುಖ ಒಮ್ಮೆಲೇ ಅಷ್ಟು ವಯಸ್ಸಿನದ್ದಾಗಿ ಕಂಡಿತು.

ಆಗ ಕೆಳಗಿನಿಂದ ಒಬ್ಬ ಹೆಂಗಸು ಬಂದಳು. ಮೂವತ್ತರೊಳಗಿನವಳು, ಕೈಯಲ್ಲಿ ಆಸ್ಪತ್ರೆಯ ಚೀಟಿಗಳು ತುಂಬಿದ ಪ್ಲಾಸ್ಟಿಕ್ ಚೀಲ. ಮೊದಲ ಸಲ ಬಂದಿದ್ದೀನಿ ಎಂದಳು. ಅಕ್ಕನ ವಯಸ್ಸು ನೋಡಿ, ಗೊತ್ತಿರುವವಳೆಂದು ತಿಳಿದು, ಇನ್ನೂ ಬಹಳ ಇದೆಯಾ ಅಮ್ಮಾ ಎಂದು ಕೇಳಿದಳು. ಆಮೇಲೆ ದನಿ ತಗ್ಗಿಸಿ, ಆ ಕೈಯಲ್ಲಿ ಕೈಯಿಟ್ಟು ಕೇಳಿದರೆ ಆಗುತ್ತಂತಲ್ಲ, ನಿಜವಾ ಎಂದಳು.

ಮೇಸ್ತ್ರಿ ತಲೆ ಎತ್ತಲಿಲ್ಲ. ಅಕ್ಕ ಅವನ ನೆತ್ತಿಯನ್ನು ನೋಡುತ್ತಿದ್ದಾಳೆಂದು ಅವನಿಗೆ ನೋಡದೆಯೇ ಗೊತ್ತಾಯಿತು. ಒಂದೇ ಮಾತಿನಲ್ಲಿ ಅವಳು ಮುಗಿಸಬಹುದಿತ್ತು. ಅವಳು ಸುಳ್ಳು ಹೇಳುವವಳಲ್ಲ. ಹೊಲಿದ ಬಟ್ಟೆಯಲ್ಲಿ ಅರ್ಧ ಗೇಣು ಉಳಿದರೆ ಬಟ್ಟೆ ಕೊಟ್ಟವರ ಮನೆಗೆ ಹೋಗಿ ಕೊಟ್ಟು ಬರುವವಳು.

‘ಇನ್ನು ನೂರ ಇಪ್ಪತ್ತೆರಡಿದೆ. ನಿಧಾನಕ್ಕೆ ಹತ್ತಮ್ಮ’ ಎಂದಳು. ಸ್ವಲ್ಪ ತಡೆದು, ‘ನಾನು ಕೇಳಿದ್ದು ಸಿಕ್ಕಿತು’ ಎಂದಳು.

ಹೆಂಗಸು ಚೀಲವನ್ನು ಎದೆಗೊತ್ತಿಕೊಂಡು ಹತ್ತಿದಳು. ತಿರುವಿನಲ್ಲಿ ಮರೆಯಾದಳು. ಮೂವತ್ತೊಂದು ವರ್ಷ ಒಬ್ಬನೇ ಹೊತ್ತಿದ್ದನ್ನು ಇಳಿಸಬೇಕು ಅಂತ ಹೊರಟ ಮೇಸ್ತ್ರಿ, ಅದನ್ನು ನೆಲಕ್ಕಿಳಿಸಿರಲಿಲ್ಲ. ಸೋತ ಮಂಡಿಯವಳ ಹೆಗಲಿಗೆ ಅರ್ಧ ದಾಟಿಸಿದ್ದ. ಇನ್ನು ಮೇಲೆ ಯಾರು ಕೇಳಿದರೂ ಅವಳೂ ಹೀಗೇ ತಡೆದು, ಮಾತು ಆರಿಸಿ ಹೇಳಬೇಕಾಗಿತ್ತು.

ಅಕ್ಕ ಏಳಲು ಹೊರಟಳು. ಮೇಸ್ತ್ರಿ ಎದ್ದು ಬಲಗೈ ಚಾಚಿದ. ಅವಳು ಆ ಕೈಯನ್ನು ನೋಡಿದಳು. ಕಂಬಿ ಹಿಡಿದು ಎದ್ದಳು. ಮೇಲಕ್ಕಲ್ಲ, ಕೆಳಕ್ಕೆ ತಿರುಗಿದಳು.

ತೊಂಬತ್ತು ಮೆಟ್ಟಿಲು ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಬಿದ್ದರೆ ತನ್ನ ಮೇಲೆ ಬೀಳಲಿ ಎಂದು ಅವನು ಎರಡು ಮೆಟ್ಟಿಲು ಮುಂದೆ, ಹಿಂದೆ ತಿರುಗಿ ನೋಡುತ್ತ ಇಳಿದ. ಅವಳು ಬೀಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮನೆಯ ಬಾಗಿಲ ಬೀಗ ತೆಗೆದು, ಒಳಗೆ ಹೋಗಿ, ಅವನು ಹೊಸ್ತಿಲಾಚೆಯೇ ನಿಂತದ್ದನ್ನು ಕಂಡು ಬಾಗಿಲವರೆಗೆ ತಿರುಗಿ ಬಂದಳು.

‘ಸಂಜೆ ಊಟಕ್ಕೆ ಬಾ’ ಎಂದಳು. ‘ಮಾತಾಡಬೇಡ.’